ಕೆರೆಯಿಂದ ಶುರು ಮಾಡಿ: ಉಪಗ್ರಹ ಚಿತ್ರ ಓದುವ ಮೊದಲ ಪಾಠಗಳು

ಕೋಲಾರ ಜಿಲ್ಲೆಯ ಯಾವ ಹೋಬಳಿಯ ಉಪಗ್ರಹ ಚಿತ್ರ ತೆರೆದರೂ ಒಂದು ಆಕಾರ ಮತ್ತೆ ಮತ್ತೆ ಎದುರಾಗುತ್ತದೆ. ಒಂದು ಬದಿಗೆ ನೇರವಾದ ಅಥವಾ ತುಸು ಬಾಗಿದ ಗಟ್ಟಿ ಗೆರೆ. ಇನ್ನೊಂದು ಬದಿಗೆ ಕವಲು ಕವಲಾಗಿ ಚಾಚಿ ತೆಳುವಾಗುತ್ತ ಹೋಗುವ ಅಂಚು. ಗೆರೆ ಎಂದರೆ ಏರಿ. ಕವಲುಗಳೆಂದರೆ ಹಳ್ಳಗಳು ಬಂದು ಸೇರುವ ಕೆರೆಯಂಗಳ. ಏರಿಯ ಕೆಳಗೆ ಚಿಕ್ಕ ಚಿಕ್ಕ ಗದ್ದೆಗಳ ಅಚ್ಚುಕಟ್ಟು, ಏರಿಯ ತುದಿಯಲ್ಲಿ ಕೋಡಿ, ಕೋಡಿಯಿಂದ ಹೊರಟ ಹಳ್ಳವನ್ನೇ ಹಿಡಿದು ಹೋದರೆ ಮುಂದಿನ ಊರಿನ ಕೆರೆ. ಇಷ್ಟು ಹೇಳುವುದಕ್ಕೆ ನೀರಿನ ಮಾತು ಬೇಕಾಗಲಿಲ್ಲ, ಬಣ್ಣದ ಮಾತೂ ಬೇಕಾಗಲಿಲ್ಲ. ವರ್ಷಗಟ್ಟಲೆ ಒಣಗಿ ನಿಂತ ಕೆರೆಯನ್ನೂ ಹೀಗೆಯೇ ಗುರುತಿಸಬಹುದು.

ಮೊಬೈಲ್‌ನಲ್ಲಿ ನಕ್ಷೆ ನೋಡುವ ಎಲ್ಲರೂ ಈಗ ಉಪಗ್ರಹ ಚಿತ್ರ ನೋಡುತ್ತಾರೆ. ನೋಡುವವರು ಬಹಳ, ಓದುವವರು ಕಡಿಮೆ. ಹಸಿರು ಕಂಡರೆ ಕಾಡು, ನೀಲಿ ಕಂಡರೆ ನೀರು ಎಂದುಕೊಂಡು ಮುಂದೆ ಹೋಗುತ್ತೇವೆ. ವೈಮಾನಿಕ ಚಿತ್ರಗಳ ವ್ಯಾಖ್ಯಾನವನ್ನು ವೃತ್ತಿಯಾಗಿ ಮಾಡುವವರು ಬಣ್ಣವನ್ನು ಅಷ್ಟು ಸುಲಭವಾಗಿ ನಂಬುವುದಿಲ್ಲ. ವಸ್ತು ಎಲ್ಲಿದೆ, ಅದರ ಅಕ್ಕಪಕ್ಕ ಏನಿದೆ, ಯಾವ ತಿಂಗಳಲ್ಲಿ ತೆಗೆದ ಚಿತ್ರ ಎಂಬುದು ಅವರಿಗೆ ಮುಖ್ಯ. ಹಳ್ಳಿಯ ನೆಲ ಬಲ್ಲವರಿಗೆ ಈ ವಿದ್ಯೆ ಬೇಗ ಒಲಿಯುತ್ತದೆ ಎಂಬುದು ನನ್ನ ದೃಢ ನಂಬಿಕೆ. ತೂಬು, ಕೋಡಿ, ಅಚ್ಚುಕಟ್ಟು ಗೊತ್ತಿರುವ ರೈತ ಚಿತ್ರದ ಮುಂದೆ ಕುಳಿತರೆ, ತಂತ್ರಾಂಶ ಮಾತ್ರ ಬಲ್ಲವನಿಗಿಂತ ಎಷ್ಟೋ ಮುಂದಿರುತ್ತಾನೆ.

ಕಣ್ಣಿಗೆ ಕೊಡುವ ಕೆಲಸ

ಪಠ್ಯಪುಸ್ತಕಗಳು ಎಂಟು ಸುಳಿವುಗಳನ್ನು ಹೇಳುತ್ತವೆ: ಛಾಯೆ, ಆಕಾರ, ಗಾತ್ರ, ಮೇಲ್ಮೈಯ ನಯ ಅಥವಾ ಒರಟು, ವಿನ್ಯಾಸ, ನೆರಳು, ನೆಲೆ, ನೆರೆಹೊರೆ. ಪಟ್ಟಿಯನ್ನು ಬಾಯಿಪಾಠ ಮಾಡುವುದರಿಂದ ಲಾಭವಿಲ್ಲ. ಒಂದೊಂದನ್ನೂ ನಮ್ಮ ನೆಲದ ಮೇಲೆ ಪ್ರಯೋಗಿಸಿ ನೋಡಬೇಕು.

ಮೇಲ್ಮೈಯಿಂದ ಆರಂಭಿಸೋಣ. ಮಲೆನಾಡಿನ ಸಹಜ ಕಾಡಿನಲ್ಲಿ ಮರಗಳ ನೆತ್ತಿಗಳು ಒಂದೇ ಎತ್ತರಕ್ಕಿರುವುದಿಲ್ಲ, ಒಂದೇ ಅಗಲಕ್ಕೂ ಇರುವುದಿಲ್ಲ. ಹಾಗಾಗಿ ಚಿತ್ರದಲ್ಲಿ ಅದು ಒರಟೊರಟಾಗಿ, ನಡುನಡುವೆ ಕಪ್ಪು ನೆರಳಿನ ಚುಕ್ಕೆಗಳೊಂದಿಗೆ ಕಾಣುತ್ತದೆ. ಅಕೇಶಿಯಾ ಅಥವಾ ನೀಲಗಿರಿ ನೆಡುತೋಪು ಒಂದೇ ವಯಸ್ಸಿನ ಗಿಡಗಳದ್ದು. ಅದು ಸಮನಾಗಿ, ನಯವಾಗಿ ಕಾಣುತ್ತದೆ, ಅದರ ಗಡಿ ಸ್ಕೇಲು ಇಟ್ಟು ಎಳೆದಷ್ಟು ನೇರ. ಬಣ್ಣದಲ್ಲಿ ಎರಡೂ ಹಸಿರೇ. ‘ಅರಣ್ಯ ಹೆಚ್ಚಾಗಿದೆ’ ಎಂಬ ಮಾತು ಕೇಳಿದಾಗಲೆಲ್ಲ ಆ ಹಸಿರಿನ ಮೈ ಒರಟೋ ನಯವೋ ಎಂದು ನೋಡುವುದು ಒಳ್ಳೆಯದು.

ನೆಲೆಯ ಮಹತ್ವ ತಿಳಿಯಲು ಶಿರಸಿ, ಸಾಗರದ ಕಡೆಯ ಅಡಿಕೆ ತೋಟಗಳಿಗಿಂತ ಒಳ್ಳೆಯ ಪಾಠವಿಲ್ಲ. ಅವು ಗುಡ್ಡಗಳ ನಡುವಿನ ಕಣಿವೆಯ ತಳದಲ್ಲಿ, ನೀರಿನ ಹರಿವಿಗೆ ತಕ್ಕಂತೆ ಉದ್ದುದ್ದ ಪಟ್ಟಿಗಳಾಗಿ ಸಾಗುತ್ತವೆ. ಪಟ್ಟಿಯ ಎರಡೂ ಬದಿಯ ಇಳಿಜಾರಿನಲ್ಲಿ ಸೊಪ್ಪಿನಬೆಟ್ಟ. ಕಣಿವೆಯ ತಳದಲ್ಲಿ ದಟ್ಟ ಹಸಿರು ಪಟ್ಟಿ, ಅಂಚಿನಲ್ಲಿ ಒಂದೆರಡು ಮನೆ, ಮನೆಯ ಮುಂದೆ ಬೆಳ್ಳಗೆ ಕಾಣುವ ಅಂಗಳ: ಇಷ್ಟಿದ್ದರೆ ಮರದ ಜಾತಿ ಕಾಣದಿದ್ದರೂ ಅದು ತೋಟವೆಂದು ಧೈರ್ಯವಾಗಿ ಹೇಳಬಹುದು. ತಿಪಟೂರು ಸೀಮೆಯ ತೆಂಗು ಬೇರೆಯೇ ರೀತಿ. ಅಲ್ಲಿ ಸಾಲು ಸಾಲಾಗಿ ಸಮ ಅಂತರದ ಚುಕ್ಕೆಗಳು, ಹತ್ತಿರದಿಂದ ತೆಗೆದ ಚಿತ್ರವಾದರೆ ಪ್ರತಿ ಚುಕ್ಕೆಯೂ ಗರಿ ಬಿಚ್ಚಿದ ನಕ್ಷತ್ರ.

ನೆರೆಹೊರೆ ಎನ್ನುವುದು ಎಲ್ಲಕ್ಕಿಂತ ಬಲವಾದ ಸಾಕ್ಷಿ. ನೀರು ನಿಂತ ಕಲ್ಲು ಕ್ವಾರಿಯನ್ನೂ ಕೆರೆಯನ್ನೂ ಬಣ್ಣದಿಂದ ಬೇರ್ಪಡಿಸಲಾಗದು. ಆದರೆ ಕ್ವಾರಿಯ ಅಂಚು ಎಲ್ಲ ಬದಿಗೂ ಕಡಿದಾಗಿರುತ್ತದೆ, ಸುತ್ತ ಪುಡಿಗಲ್ಲಿನ ಬಿಳಿ ರಾಶಿ, ಲಾರಿ ಓಡಾಡಿದ ದಾರಿ. ಅದಕ್ಕೆ ಏರಿಯಿಲ್ಲ, ಕೋಡಿಯಿಲ್ಲ, ಅಚ್ಚುಕಟ್ಟಿಲ್ಲ. ಸಣ್ಣ ಚೌಕಾಕಾರದ ನೀರು ಹೊಲದ ಮೂಲೆಯಲ್ಲಿದ್ದರೆ ಕೃಷಿಹೊಂಡ. ಪಾವಗಡದ ಸೋಲಾರ್ ಪಾರ್ಕ್ ಈ ವಿಷಯದಲ್ಲಿ ಒಳ್ಳೆಯ ಪರೀಕ್ಷೆ. ಸುಮಾರು 13,000 ಎಕರೆಯಲ್ಲಿ ಹರಡಿರುವ, 2,050 ಮೆಗಾವಾಟ್ ಸಾಮರ್ಥ್ಯದ ಆ ಫಲಕಗಳು ದೂರದ ಚಿತ್ರದಲ್ಲಿ ಕಡುನೀಲಿ ಹರವುಗಳಾಗಿ ಕಂಡು, ಮೊದಲ ನೋಟಕ್ಕೆ ಜಲಾಶಯದ ಭ್ರಮೆ ಹುಟ್ಟಿಸುತ್ತವೆ. ಆದರೆ ಯಾವ ಜಲಾಶಯದ ಅಂಚೂ ಆಯತಾಕಾರ ಆಗಿರುವುದಿಲ್ಲ. ಆಕಾರ ನೋಡಿದ ಕ್ಷಣ ಭ್ರಮೆ ಕಳೆಯುತ್ತದೆ.

ನೆರಳಿನ ಬಗ್ಗೆ ಒಂದು ಎಚ್ಚರಿಕೆ. ಭೂಮಿಯ ಚಿತ್ರ ತೆಗೆಯುವ ಹೆಚ್ಚಿನ ಉಪಗ್ರಹಗಳು ನಮ್ಮ ಮೇಲೆ ಹಾದುಹೋಗುವುದು ಬೆಳಿಗ್ಗೆ ಹತ್ತೂವರೆಯ ಆಸುಪಾಸಿನಲ್ಲಿ. ಡಿಸೆಂಬರ್, ಜನವರಿಯಲ್ಲಿ ಆ ಹೊತ್ತಿಗೆ ಸೂರ್ಯ ಆಗ್ನೇಯದಲ್ಲಿರುವುದರಿಂದ ನೆರಳು ವಾಯವ್ಯಕ್ಕೆ, ಅಂದರೆ ಚಿತ್ರದ ಮೇಲ್ಭಾಗದ ಕಡೆಗೆ ಬೀಳುತ್ತದೆ. ಬೆಳಕು ಮೇಲಿನಿಂದ ಬರುತ್ತದೆಂದು ಎಣಿಸುವ ನಮ್ಮ ಕಣ್ಣಿಗೆ ಇದು ಮೋಸ ಮಾಡುತ್ತದೆ. ಪಶ್ಚಿಮಘಟ್ಟದ ಕಣಿವೆಗಳು ಉಬ್ಬಿದ ಏಣುಗಳಂತೆ, ಏಣುಗಳು ಕಣಿವೆಗಳಂತೆ ಕಾಣತೊಡಗುತ್ತವೆ. ಹೊಳೆಯೊಂದು ಗುಡ್ಡದ ನೆತ್ತಿಯ ಮೇಲೆ ಹರಿಯುತ್ತಿರುವಂತೆ ಕಂಡರೆ ಚಿತ್ರವನ್ನು ತಲೆಕೆಳಗು ಮಾಡಿ ನೋಡಿ; ಭೂಮಿ ತನ್ನ ಸರಿಯಾದ ರೂಪಕ್ಕೆ ಬರುತ್ತದೆ. ಇನ್ನು ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ದಕ್ಷಿಣ ಕರ್ನಾಟಕದಲ್ಲಿ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಆಗ ನೆರಳಿನ ದಿಕ್ಕೇ ಬೇರೆ.

ವಿಮಾನದಿಂದ ತೆಗೆದ ಹಳೆಯ ಮಾದರಿಯ ಫೋಟೊಗಳಿಗೆ ಇನ್ನೆರಡು ಗುಣಗಳಿವೆ. ಅವುಗಳ ಅಳತೆಯನ್ನು ನೀವೇ ಲೆಕ್ಕ ಹಾಕಬಹುದು. ಕ್ಯಾಮೆರಾದ ನಾಭಿದೂರವನ್ನು ನೆಲದಿಂದ ಹಾರಾಟದ ಎತ್ತರಕ್ಕೆ ಹೋಲಿಸಿದರೆ ಆಯಿತು. 15 ಸೆಂ.ಮೀ. ನಾಭಿದೂರದ ಕ್ಯಾಮೆರಾ 3,000 ಮೀಟರ್ ಮೇಲಿದ್ದರೆ ಪ್ರಮಾಣ 1:20,000; ಫೋಟೊದ 1 ಸೆಂ.ಮೀ. ನೆಲದ ಮೇಲೆ 200 ಮೀಟರ್. ಎರಡನೆಯದು, ಎತ್ತರದ ವಸ್ತುಗಳು ಫೋಟೊದ ನಡುಬಿಂದುವಿನಿಂದ ಹೊರಕ್ಕೆ ವಾಲಿದಂತೆ ಕಾಣುತ್ತವೆ. ಅದರಿಂದಾಗಿ ಅಂಚಿನಲ್ಲಿರುವ ಗೋಪುರದ ತುದಿಯನ್ನು ಅದರ ಬುಡವೆಂದು ತಿಳಿದು ದೂರ ಅಳೆಯಬಾರದು. ಒಂದರ ಮೇಲೊಂದು ಸುಮಾರು ಶೇ 60ರಷ್ಟು ಅತಿಕ್ರಮಿಸುವಂತೆ ತೆಗೆದ ಜೋಡಿ ಫೋಟೊಗಳನ್ನು ಸ್ಟೀರಿಯೋಸ್ಕೋಪಿನಡಿ ಇಟ್ಟರೆ, ಇದೇ ವಾಲುವಿಕೆಯಿಂದ ಗುಡ್ಡಗಳು ಉಬ್ಬಿ ಮೇಲೇಳುತ್ತವೆ. ಈ ವಿದ್ಯೆ ಕಲಿಸಲೆಂದೇ 1966ರಲ್ಲಿ ಡೆಹರಾಡೂನಿನಲ್ಲಿ ನೆದರ್‌ಲೆಂಡ್ಸ್ ನೆರವಿನಿಂದ ಸಂಸ್ಥೆಯೊಂದು ಹುಟ್ಟಿತು. ಇಂದಿನ ಭಾರತೀಯ ದೂರಸಂವೇದಿ ಸಂಸ್ಥೆ ಅದೇ.

ಕೆಂಪು ಎಂದರೆ ಹಸಿರು

ಈಗ ಬಣ್ಣಕ್ಕೆ ಬರೋಣ. ಎಲೆಯಲ್ಲಿರುವ ಪತ್ರಹರಿತ್ತು ನೀಲಿ ಮತ್ತು ಕೆಂಪು ಬೆಳಕನ್ನು ಹೀರಿಕೊಂಡು ಸ್ವಲ್ಪ ಹಸಿರನ್ನು ವಾಪಸು ಕಳಿಸುತ್ತದೆ. ಆದರೆ ಎಲೆ ಹಸಿರಿಗಿಂತ ಎಷ್ಟೋ ಹೆಚ್ಚಾಗಿ ಪ್ರತಿಫಲಿಸುವುದು ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು. ಎಲೆಯೊಳಗಿನ ಜೀವಕೋಶಗಳ ರಚನೆಯೇ ಅದಕ್ಕೆ ಕಾರಣ. ಗಿಡ ಸೊರಗಿದಾಗ ಈ ಪ್ರತಿಫಲನವೂ ಬದಲಾಗುತ್ತದೆ. ನೀರು ಇದಕ್ಕೆ ತದ್ವಿರುದ್ಧ. ಅವಗೆಂಪನ್ನು ಪೂರ್ತಿ ನುಂಗಿಬಿಡುತ್ತದೆ.

ಭಾರತದಲ್ಲಿ ದೂರಸಂವೇದನೆಯ ಪಿತಾಮಹ ಎನಿಸಿಕೊಂಡ ಪಿ.ಆರ್. ಪಿಷಾರೋಟಿಯವರು 1970ರ ಆಸುಪಾಸಿನಲ್ಲಿ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅವಗೆಂಪು ಫಿಲ್ಮಿನಲ್ಲಿ ಚಿತ್ರ ತೆಗೆಸಿದರು. ಬೇರು ಸೊರಗು ರೋಗ ತಗುಲಿದ ಮರಗಳು ಆ ಚಿತ್ರಗಳಲ್ಲಿ ಆರೋಗ್ಯವಂತ ಮರಗಳಿಂದ ಬೇರೆಯಾಗಿ ಕಂಡವು. ನಮ್ಮ ದೇಶದ ದೂರಸಂವೇದನೆ ಶುರುವಾದದ್ದು ರೈತನ ತೋಟದ ಮೇಲೆ ಎಂಬುದು ನನಗೆ ಬಹಳ ಇಷ್ಟದ ಸಂಗತಿ.

ಕಾಣದ ಬೆಳಕನ್ನು ಕಣ್ಣಿಗೆ ತೋರಿಸಲು ಒಂದು ಉಪಾಯ ಮಾಡುತ್ತಾರೆ. ಅವಗೆಂಪನ್ನು ಕೆಂಪಾಗಿ, ಕೆಂಪನ್ನು ಹಸಿರಾಗಿ, ಹಸಿರನ್ನು ನೀಲಿಯಾಗಿ ಬದಲಿಸಿ ಅಚ್ಚು ಹಾಕುತ್ತಾರೆ. ಇದೇ ‘ಫಾಲ್ಸ್ ಕಲರ್’ ಚಿತ್ರ. ಮೊದಲ ಸಲ ನೋಡುವವರು ಬೆಚ್ಚುತ್ತಾರೆ, ಏಕೆಂದರೆ ಬೆಳೆ, ತೋಟ, ಕಾಡು ಎಲ್ಲವೂ ಕೆಂಪು. ತುಂಬಿ ಬೆಳೆದ ಭತ್ತ, ಕಬ್ಬು ಎದ್ದು ಕಾಣುವ ಕೆಂಪಾದರೆ ದಟ್ಟ ಕಾಡು ತುಸು ಗಾಢ ಕೆಂಪು. ತಿಳಿನೀರು ಕಪ್ಪು, ರಾಡಿನೀರು ತಿಳಿನೀಲಿ. ಊರು, ಪಟ್ಟಣ ನೀಲಿಬೂದು. ಬಿತ್ತದ ಕೆಮ್ಮಣ್ಣಿನ ಹೊಲ ಹಳದಿಹಸಿರಿನ ಕಡೆಗೆ, ರಾಯಚೂರು ಕಲಬುರಗಿಯ ಎರೆಹೊಲ ಕಡುಬೂದಿಗೆ ವಾಲುತ್ತದೆ. ಮಳೆ ನೆನೆದ ಎರೆಮಣ್ಣು ಎಷ್ಟು ಕಪ್ಪಾಗುತ್ತದೆಂದರೆ ಅದನ್ನು ನೀರೆಂದೋ ಸುಟ್ಟ ನೆಲವೆಂದೋ ತಪ್ಪು ತಿಳಿಯುವುದು ಸುಲಭ. ಅಲ್ಲಿ ಮತ್ತೆ ಆಕಾರ, ನೆರೆಹೊರೆಗಳೇ ಕೈಹಿಡಿಯಬೇಕು.

ಬೆಂಗಳೂರಿನ ಬೆಳ್ಳಂದೂರು ಕೆರೆ ಈ ಪಾಠಕ್ಕೆ ಹೇಳಿ ಮಾಡಿಸಿದ ಜಾಗ. 2017ರ ಫೆಬ್ರವರಿಯಲ್ಲಿ ಬೆಂಕಿ ಹೊತ್ತಿ ದೇಶಕ್ಕೆಲ್ಲ ಸುದ್ದಿಯಾದ ಕೆರೆ ಅದು. ಆ ವರ್ಷಗಳ ಸಹಜ ಬಣ್ಣದ ಚಿತ್ರದಲ್ಲಿ ಕೆರೆಯ ಬಹುಭಾಗ ಹಸಿರು ಬಯಲಿನಂತೆ ಕಾಣುತ್ತದೆ. ಫಾಲ್ಸ್ ಕಲರಿಗೆ ಬದಲಿಸಿದರೆ ಬಯಲು ಕಡುಗೆಂಪಾಗಿ, ನಡುವೆ ಉಳಿದ ನೀರಿನ ತುಣುಕುಗಳು ಕಪ್ಪಾಗಿ ಎದ್ದು ಕಾಣುತ್ತವೆ. ನೀರಿನ ಮೇಲೆ ಹೊದ್ದಿಕೊಂಡ ಜಲಕಳೆ ಅದು, ನಗರದ ಕೊಳಚೆ ಉಂಡು ಕೊಬ್ಬಿದ್ದು. ಬಯಲುಸೀಮೆಯ ಬತ್ತಿದ ಕೆರೆಗಳಲ್ಲಿ ಇದೇ ಕೆಂಪಿಗೆ ಬೇರೆ ಅರ್ಥ. ಮೇ ತಿಂಗಳಲ್ಲಿ ಸುತ್ತಲಿನ ಹೊಲಗಳೆಲ್ಲ ಬರಡಾಗಿರುವಾಗ ಕೆರೆಯಂಗಳ ಮಾತ್ರ ಕೆಂಪಗಿದ್ದರೆ ಬೆಳೆ ಇಟ್ಟಿದ್ದಾರೆಂದು ತೀರ್ಮಾನಿಸಬೇಡಿ. ಅನೇಕ ಕಡೆ ಅದು ಬಳ್ಳಾರಿ ಜಾಲಿ. ಬೇಸಿಗೆಯಲ್ಲೂ ಹಸಿರು ಬಿಡದ ಗಿಡ.

ಬೆಳೆಯ ದಟ್ಟಣೆಯನ್ನು ಅಂಕಿಯಲ್ಲಿ ಹೇಳುವ ‘ಎನ್‌ಡಿವಿಐ’ ಸೂಚ್ಯಂಕದ ಗುಟ್ಟೂ ಇಷ್ಟೇ. ಅವಗೆಂಪಿನಿಂದ ಕೆಂಪನ್ನು ಕಳೆದು ಎರಡರ ಮೊತ್ತದಿಂದ ಭಾಗಿಸುತ್ತಾರೆ. ದಟ್ಟ ಹಸಿರಿಗೆ 0.6ಕ್ಕಿಂತ ಮೇಲೆ, ಬರಿನೆಲಕ್ಕೆ 0.1ರ ಸುತ್ತಮುತ್ತ, ನೀರಿಗೆ ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೆ.

ಒಂದು ಚುಕ್ಕೆ, ಒಂದು ಗುಂಟೆ

ಉಪಗ್ರಹ ಚಿತ್ರವೆಂದರೆ ಚೌಕ ಚುಕ್ಕೆಗಳ ಜೋಡಣೆ. ಒಂದು ಚುಕ್ಕೆ ನೆಲದ ಮೇಲೆ ಎಷ್ಟು ಅಗಲ ಎಂಬುದನ್ನು ತಿಳಿಯದೆ ಚಿತ್ರ ಓದಬಾರದು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚುಕ್ಕೆ 10 ಮೀಟರ್ ಚದರ, ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ 101 ಚದರ ಮೀಟರಿಗೆ ಸ್ವಲ್ಪ ಹೆಚ್ಚು. ಒಂದು ಚುಕ್ಕೆಗೆ ಒಂದು ಗುಂಟೆ, ಒಂದು ಎಕರೆಗೆ ಸುಮಾರು 40 ಚುಕ್ಕೆ! ಮೀಟರಿನ ಲೆಕ್ಕಕ್ಕಿಂತ ಈ ಲೆಕ್ಕ ನಮ್ಮವರಿಗೆ ಬೇಗ ಹತ್ತುತ್ತದೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಚುಕ್ಕೆ 30 ಮೀಟರಿನದು, ಹೆಚ್ಚುಕಡಿಮೆ 9 ಗುಂಟೆ. ನಮ್ಮ ರಿಸೋರ್ಸ್‌ಸ್ಯಾಟ್‌ನ ಲಿಸ್-4 ಕ್ಯಾಮೆರಾದ ಚುಕ್ಕೆ 5.8 ಮೀಟರ್, ಗುಂಟೆಯ ಮೂರನೇ ಒಂದು ಭಾಗ.

ಉಡುಪಿಯ ಅದಮಾರಿನವರಾದ ಯು.ಆರ್. ರಾವ್ ಇಸ್ರೋ ಅಧ್ಯಕ್ಷರಾಗಿದ್ದಾಗ, 1988ರ ಮಾರ್ಚ್ 17ರಂದು ಬೈಕನೂರಿನಿಂದ ಐಆರ್‌ಎಸ್-1ಎ ಮೇಲೇರಿತು. ಅದರ ಲಿಸ್-1 ಕ್ಯಾಮೆರಾದ ಒಂದು ಚುಕ್ಕೆ 72.5 ಮೀಟರ್. ನೆಲದಲ್ಲಿ ಅದು ಒಂದು ಎಕರೆ 12 ಗುಂಟೆ. ಅಷ್ಟು ಜಾಗದಲ್ಲಿರುವ ರಾಗಿ, ಹೊಂಗೆ ಮರ, ಬಾವಿ, ಬದು ಎಲ್ಲ ಕಲೆತು ಒಂದೇ ಬಣ್ಣ. ಇಂದಿನ ಚಿತ್ರಗಳಲ್ಲೂ ಈ ಬೆರಕೆ ತಪ್ಪಿಲ್ಲ, ಅದರಲ್ಲೂ ಅಂಚಿನ ಚುಕ್ಕೆಗಳಲ್ಲಿ. ಅರ್ಧ ನೀರು ಅರ್ಧ ದಡ ಇರುವ ಚುಕ್ಕೆ ನೀರೂ ಅಲ್ಲ ದಡವೂ ಅಲ್ಲ. ಎರಡು ಗುಂಟೆ ಒತ್ತುವರಿಯನ್ನು 10 ಮೀಟರಿನ ಚಿತ್ರದಿಂದ ಸಾಬೀತು ಮಾಡುತ್ತೇನೆಂದು ಹೊರಡುವುದು ವ್ಯರ್ಥ.

ದಿನಾಂಕ ಕೇಳದೆ ಮಾತಾಡಬೇಡಿ

ಅಂತರ್ಜಾಲದ ನಕ್ಷೆಗಳಲ್ಲಿ ಕಾಣುವ ಚಂದದ ಚಿತ್ರ ಒಂದೇ ದಿನದ್ದಲ್ಲ. ಮೋಡವಿಲ್ಲದ ತುಣುಕುಗಳನ್ನು ಹುಡುಕಿ ಹೊಲಿದ ಕೌದಿ ಅದು. ನಿಮ್ಮೂರು ಜನವರಿಯದ್ದು, ಪಕ್ಕದೂರು ಎರಡು ವರ್ಷ ಹಿಂದಿನ ಏಪ್ರಿಲ್‌ನದ್ದು ಆಗಿರಬಹುದು. ಎರಡನ್ನೂ ಹೋಲಿಸಿ ‘ಅವರ ಕೆರೆ ಬತ್ತಿದೆ, ನಮ್ಮದು ತುಂಬಿದೆ’ ಎಂದರೆ ಅದಕ್ಕೆ ಅರ್ಥವಿಲ್ಲ. ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳನ್ನು ತೆರೆದಾಗ ದಿನಾಂಕ ಕಾಣುತ್ತದೆ, ಅದನ್ನು ಮೊದಲು ಬರೆದಿಟ್ಟುಕೊಳ್ಳಿ.

ಬದಲಾವಣೆ ಅಳೆಯಬೇಕಾದರೆ ಬೇರೆ ಬೇರೆ ವರ್ಷಗಳ ಒಂದೇ ತಿಂಗಳನ್ನು ಹೋಲಿಸಬೇಕು. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಅಲ್ಲಿಗೆ ಮುಟ್ಟಿತು. ಅದಕ್ಕೆ ಮುಂಚಿನ ಒಂದು ಏಪ್ರಿಲ್, ನಂತರದ ಒಂದು ಏಪ್ರಿಲ್ ತೆಗೆದುಕೊಂಡು ಲಕ್ಷ್ಮೀಸಾಗರ ಕೆರೆಯಿಂದ ಕೆಳಕ್ಕೆ ಒಂದೊಂದೇ ಕೆರೆ ನೋಡುತ್ತ ಹೋಗಿ. ಬೇಸಿಗೆಯಲ್ಲಿ ನೀರು ಎಲ್ಲಿದೆ, ಎಲ್ಲಿಲ್ಲ ಎಂಬುದನ್ನು ಯಾರ ಭಾಷಣವೂ ಇಲ್ಲದೆ ತಿಳಿಯಬಹುದು. ಆ ನೀರಿನ ಗುಣಮಟ್ಟ ಹೇಗಿದೆ ಎಂದು ಮಾತ್ರ ಈ ಚಿತ್ರ ಹೇಳದು. ಅದಕ್ಕೆ ಪ್ರಯೋಗಾಲಯವೇ ಬೇಕು.

ಮಳೆಗಾಲದಲ್ಲಿ ಈ ಉಪಗ್ರಹಗಳ ಕಣ್ಣಿಗೆ ಮೋಡ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಪ್ರವಾಹ, ಭೂಕುಸಿತ ಆಗುವುದೂ ಆಗಲೇ. ಅಂಥ ಹೊತ್ತಿಗೆ ರೇಡಾರ್ ಉಪಗ್ರಹಗಳು ಬೇಕು. ಅವು ತಾವೇ ಸೂಕ್ಷ್ಮತರಂಗ ಕಳಿಸಿ ಅದರ ಮರುದನಿ ಹಿಡಿಯುತ್ತವೆ. ಮೋಡವೂ ಅಡ್ಡಿಯಲ್ಲ, ರಾತ್ರಿಯೂ ಅಡ್ಡಿಯಲ್ಲ. ರೇಡಾರ್ ಚಿತ್ರದಲ್ಲಿ ಶಾಂತವಾದ ನೀರು ಕಪ್ಪು, ಕಟ್ಟಡಗಳು ಹೊಳೆಯುವ ಬಿಳಿ. 2024ರ ಜುಲೈ 30ರಂದು ವಯನಾಡಿನ ಚೂರಲ್ಮಲ ಕೊಚ್ಚಿಹೋದ ಮರುದಿನವೇ ರಿಸ್ಯಾಟ್ ರೇಡಾರ್ ಚಿತ್ರ ತೆಗೆದಿತ್ತು. ರಾಷ್ಟ್ರೀಯ ದೂರಸಂವೇದಿ ಕೇಂದ್ರದ ತಜ್ಞರು ಅದನ್ನು ಓದಿ, ಮಣ್ಣು ಕಲ್ಲುಗಳು ಸುಮಾರು 8 ಕಿ.ಮೀ. ಹರಿದುಹೋಗಿವೆ, ನೆತ್ತಿಯಲ್ಲಿ ಸುಮಾರು 86,000 ಚದರ ಮೀಟರ್ ಜಾಗ ಕಳಚಿದೆ ಎಂದರು. ಹಿಂದಿನ ವರ್ಷದ ಮೇ ತಿಂಗಳಲ್ಲಿ ಕಾರ್ಟೋಸ್ಯಾಟ್-3 ತೆಗೆದ ಚಿತ್ರದಲ್ಲಿ ಅದೇ ಜಾಗದಲ್ಲಿ ಹಳೆಯ ಕುಸಿತದ ಗುರುತಿತ್ತು. ಪಕ್ಕದಲ್ಲೇ ಇರುವ, 2018ರ ಆಗಸ್ಟ್‌ನ ಭೂಕುಸಿತಗಳನ್ನು ಕಂಡ ಕೊಡಗಿನವರು ಈ ಕೊನೆಯ ಮಾತನ್ನು ಗಮನವಿಟ್ಟು ಓದಬೇಕು. ಕುಸಿದ ಗುಡ್ಡದ ಮೇಲೆ ಹಸಿರು ಮತ್ತೆ ಹಬ್ಬಬಹುದು. ಆದರೆ ಬೊಗಸೆಯಂತೆ ತೋಡಿದ ಅದರ ಆಕಾರ ಉಳಿಯುತ್ತದೆ, ಕಲಿತ ಕಣ್ಣಿಗೆ ಕಾಣುತ್ತದೆ.

ಕುಳಿತು ಕಲಿಯಲು

ದುಡ್ಡು ಖರ್ಚಿಲ್ಲದೆ ಶುರು ಮಾಡಬಹುದು. ಇಸ್ರೋದ ‘ಭುವನ್’ 2009ರಿಂದ ಇದೆ. ಸೆಂಟಿನೆಲ್ ಚಿತ್ರಗಳನ್ನು ‘ಕೋಪರ್ನಿಕಸ್ ಬ್ರೌಸರ್’ನಲ್ಲಿ ಉಚಿತವಾಗಿ ನೋಡಬಹುದು, ಸಹಜ ಬಣ್ಣ, ಫಾಲ್ಸ್ ಕಲರ್, ಎನ್‌ಡಿವಿಐ ಎಲ್ಲವೂ ಒಂದು ಕ್ಲಿಕ್ಕಿನಲ್ಲಿ ಬದಲಾಗುತ್ತವೆ. ಲ್ಯಾಂಡ್‌ಸ್ಯಾಟ್ ಸರಣಿ 1972ರಲ್ಲಿ ಆರಂಭವಾದದ್ದು, ಅದರ ಸಂಗ್ರಹವೂ 2008ರಿಂದ ಎಲ್ಲರಿಗೂ ಮುಕ್ತ. ಡೆಹರಾಡೂನಿನ ಸಂಸ್ಥೆ ಆನ್‌ಲೈನಿನಲ್ಲಿ ಉಚಿತ ಕೋರ್ಸುಗಳನ್ನು ನಡೆಸುತ್ತದೆ; ಪಾಠ ಇಂಗ್ಲಿಷಿನಲ್ಲಿದ್ದರೂ ಚಿತ್ರಗಳಿಗೆ ಭಾಷೆಯ ಹಂಗಿಲ್ಲ.

ಮೊದಲು ನೀವು ಕಾಲಿಟ್ಟು ಬಲ್ಲ ಎರಡು ಮೂರು ಚದರ ಕಿ.ಮೀ. ಜಾಗವನ್ನಷ್ಟೇ ಆರಿಸಿಕೊಳ್ಳಿ. ಚಿತ್ರದ ಮೇಲೆ ಪಾರದರ್ಶಕ ಹಾಳೆ ಇಟ್ಟು, ನೀರು ಹರಿಯುವ ದಾರಿ, ರಸ್ತೆ, ಊರು, ತೋಟ, ಬೀಳು ಎಂದು ಗೆರೆ ಎಳೆಯಿರಿ. ಖಚಿತವಾದದ್ದಕ್ಕೆ ಗಟ್ಟಿ ಗೆರೆ, ಅನುಮಾನವಿದ್ದಲ್ಲಿ ಚುಕ್ಕೆ ಗೆರೆ. ಆಮೇಲೆ ಆ ಹಾಳೆ ಹಿಡಿದು ಚುಕ್ಕೆ ಗೆರೆಗಳ ಜಾಗಕ್ಕೆಲ್ಲ ನಡೆದು ಹೋಗಿ. ಕಂಪ್ಯೂಟರ್ ಮುಂದೆ ಕಳೆದ ಗಂಟೆಗಳಿಗಿಂತ ಈ ನಡಿಗೆಯೇ ಹೆಚ್ಚು ಕಲಿಸುತ್ತದೆ. ಪ್ರೌಢಶಾಲೆಯ ಭೂಗೋಳ ಶಿಕ್ಷಕರು ಮಕ್ಕಳನ್ನು ಹೀಗೊಮ್ಮೆ ಏರಿಯ ಮೇಲೆ ಕರೆದೊಯ್ದರೆ ನಕ್ಷೆಯ ಪಾಠವನ್ನು ಅವರು ಜನ್ಮದಲ್ಲಿ ಮರೆಯುವುದಿಲ್ಲ.

ಜಮೀನಿನ ಗಡಿಯ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ‘ದಿಶಾಂಕ್’ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ತಿಳಿಯುತ್ತದೆ, ತುಂಬ ಉಪಕಾರಿಯಾದ ಆ್ಯಪ್. ಆದರೆ ಹಳೆಯ ಗ್ರಾಮನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದಾಗ ಗೆರೆಗಳು ಕೆಲವು ಮೀಟರ್ ಅತ್ತಿತ್ತ ಸರಿಯುವುದುಂಟು. ಅದನ್ನೇ ನಂಬಿ ಪಕ್ಕದವರ ಬದು ಕೀಳಬೇಡಿ. ಗಡಿ ಇತ್ಯರ್ಥಕ್ಕೆ ಹದ್ದುಬಸ್ತಿನ ಅರ್ಜಿ ಹಾಕಿ ಭೂಮಾಪಕರನ್ನು ಕರೆಸುವುದೇ ದಾರಿ.

ಕೆರೆ ಒತ್ತುವರಿ, ರಾಜಕಾಲುವೆ ಮುಚ್ಚಿದ್ದು, ಅಕ್ರಮ ಕ್ವಾರಿ ಇಂಥದ್ದೇನಾದರೂ ಚಿತ್ರದಲ್ಲಿ ಕಂಡರೆ ಸುಮ್ಮನಿರಬೇಡಿ. ಒಂದೇ ತಿಂಗಳ ಎರಡು ವರ್ಷದ ಚಿತ್ರಗಳು, ಅವುಗಳ ದಿನಾಂಕ ಮತ್ತು ಉಪಗ್ರಹದ ಹೆಸರು, ಸರ್ವೆ ನಂಬರ್, ಅದೇ ಜಾಗದಲ್ಲಿ ನಿಂತು ನೀವು ತೆಗೆದ ಫೋಟೊ: ಈ ನಾಲ್ಕನ್ನೂ ಲಗತ್ತಿಸಿ ತಹಶೀಲ್ದಾರರಿಗೆ ಅರ್ಜಿ ಬರೆಯಿರಿ, ಒಂದು ಪ್ರತಿಯನ್ನು ಗ್ರಾಮಸಭೆಯ ಮುಂದಿಡಿ, ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.